ಟಿ.ವಿ.ಯ ಜಿನ್ನಿಗೆ ಎಲ್ಲವೂ ಗೊತ್ತು!

2020ರ ಜನವರಿ. ಆಗ ನಾನು ವಿಜಯಪುರ ಜಿಲ್ಲೆಯ ಸಿಂದಗಿ ಕಡೆ ಮದ್ರಸದಲ್ಲಿ ಕಲಿಸುತ್ತಿದ್ದೆ. ಮಂಗಳೂರಿನಿಂದ ರಾತ್ರಿ ಬಸ್ಸಿಗೆ ಕೂತರೆ ಮರುದಿನ ವಿಜಯಪುರ, ಅಲ್ಲಿಂದ ಮತ್ತೆ ಸುಮಾರು 60 ಕಿಲೋಮೀಟರ್. ಅಲ್ಲಿನ ನಮ್ಮ ಜನರ ಮನೆಮಾತು ದಖ್ಖನಿ ಉರ್ದು, ಬೀದಿಯ ಮಾತು ಗಟ್ಟಿ ಕನ್ನಡ. ನನ್ನ ಬ್ಯಾರಿ ಅಲ್ಲಿ ಯಾರಿಗೂ ಬೇಡ. ನಾವು ಉಸ್ತಾದ್ ಅನ್ನುವುದಕ್ಕೆ ಅವರು ಹಜರತ್ ಅನ್ನುತ್ತಾರೆ.

ಒಂದು ರಾತ್ರಿ ಇಶಾ ಮುಗಿಸಿ ಹೊರಗೆ ಬಂದಾಗ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಚಪ್ಪಲಿ ಹಾಕಿಕೊಳ್ಳದೆ ಓಡಿಕೊಂಡು ಬಂದರು. "ಹಜರತ್, ಜರಾ ಮನೀಗಿ ಬರ್ರಿ. ಹುಡುಗಿಗಿ ಏನೋ ಆಗೈತ್ರಿ" ಎಂದರು. ಹೋಗಿ ನೋಡಿದರೆ ಎಂಟನೇ ಕ್ಲಾಸಿನ ಹುಡುಗಿ ಚಾಪೆಯ ಮೇಲೆ ಸುಸ್ತಾಗಿ ಮಲಗಿದ್ದಾಳೆ. ಕಣ್ಣು ಮೇಲಕ್ಕೆ ಹೋಯಿತಂತೆ, ಕೈಕಾಲು ಸೆಟೆದುಕೊಂಡಿತಂತೆ, ಬಾಯಲ್ಲಿ ನೊರೆ ಬಂತಂತೆ. ನಾನು ಹೋಗುವಷ್ಟರಲ್ಲಿ ಎಲ್ಲ ನಿಂತಿತ್ತು. ಮೂಲೆಯಲ್ಲಿ ಟಿ.ವಿ. ಉರಿಯುತ್ತಿತ್ತು, ಸೌಂಡ್ ಮಾತ್ರ ತೆಗೆದಿದ್ದರು. ತಾಯಿ ಅತ್ತ ಕೈ ತೋರಿಸಿ ಹೇಳಿದ ಮಾತು ನನಗೆ ಇವತ್ತಿಗೂ ಮರೆತಿಲ್ಲ: "ಅದರಾಗ ತೋರಸ್ತಾರಲ್ರಿ ಹಜರತ್, ಥೇಟ ಹಂಗ ಆತು."

ನಾನು ಏನು ಮಾಡಿದೆ? ಆಯತುಲ್ ಕುರ್ಸಿ ಓದಿದೆ, ಫಲಖ್ ನಾಸ್ ಓದಿದೆ, ನೀರಿಗೆ ಊದಿ ಕೊಟ್ಟೆ. ಅವರು ಕೇಳಿದರು ಅಂತ ಒಂದು ನೂಲು ಕೂಡ ಕಟ್ಟಿದೆ. ಓದಿದ್ದರಲ್ಲಿ ತಪ್ಪಿಲ್ಲ. ಆದರೆ ಇನ್ನೊಂದು ಮಾತು ಹೇಳಬೇಕಿತ್ತು, ಅದನ್ನು ಹೇಳಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಎರಡು ದಿನ ಬಿಟ್ಟು ಅದೇ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಆ ಧಾರಾವಾಹಿ ಬರುವ ಹೊತ್ತು. ಹೆಸರು ಇಲ್ಲಿ ಬೇಡ, ಹೆಸರು ಬದಲಾದರೂ ಒಳಗಿನ ಸರಕು ಒಂದೇ. "ನೀವು ನೋಡಿ, ನಾನೂ ನೋಡುತ್ತೇನೆ" ಅಂದೆ. ಹೆಂಗಸರು ಒಳಗಿನ ಕೋಣೆಯ ಬಾಗಿಲಿನಿಂದ, ನಾವು ಗಂಡಸರು ಪಡಸಾಲೆಯಲ್ಲಿ. ಇಡೀ ಒಂದು ಕಂತು ಕೂತು ನೋಡಿದೆ. ಟಿ.ವಿ. ನೋಡಿದ ಉಸ್ತಾದ್ ಅಂತ ಯಾರಾದರೂ ಹೇಳಿದರೆ ಹೇಳಲಿ. ನಮ್ಮ ಮಕ್ಕಳ ತಲೆಯೊಳಗೆ ಹೋಗುತ್ತಿರುವುದು ಏನು ಅಂತ ನೋಡದೆ ಮಿಂಬರಿನಿಂದ ಬೈದರೆ ಏನು ಪ್ರಯೋಜನ?

ಆ ಕಂತಿನಲ್ಲಿ ನಡೆದದ್ದು ಇಷ್ಟು. ಗಾಳಿ ಬೀಸುತ್ತದೆ, ಕಿಟಕಿ ತಾನಾಗಿ ತೆರೆಯುತ್ತದೆ, ದೀಪ ಆರುತ್ತದೆ, ಹೊರಗೆ ನಾಯಿ ಊಳಿಡುತ್ತದೆ. ಮನೆಯ ಸೊಸೆಯ ಕೊರಳಿನ ತಾವೀಜಿನ ದಾರ ಯಾವುದೋ ಕೊಂಡಿಗೆ ಸಿಕ್ಕಿ ಕಡಿಯುತ್ತದೆ. ಆಕೆಗೆ ಅದು ಗೊತ್ತಾಗುವುದಿಲ್ಲ, ನಮಗೆ ಗೊತ್ತಾಗುತ್ತದೆ, ಯಾಕೆಂದರೆ ಕ್ಯಾಮರಾ ನೆಲದಲ್ಲಿ ಬಿದ್ದ ತಾವೀಜನ್ನೇ ಮೂರು ಸಲ ತೋರಿಸುತ್ತದೆ. ಆಮೇಲೆ ಆಕೆಯ ಕೂದಲು ಬಿಚ್ಚಿಕೊಳ್ಳುತ್ತದೆ, ಧ್ವನಿ ಗಂಡಸಿನದ್ದಾಗುತ್ತದೆ, ಕಣ್ಣು ಮೇಲಕ್ಕೆ ಹೋಗುತ್ತದೆ. ಡಾಕ್ಟರ್ ಬರುತ್ತಾರೆ. ರಿಪೋರ್ಟ್ ಎಲ್ಲ ನಾರ್ಮಲ್, ನನ್ನ ಕೈಯಲ್ಲಿ ಏನೂ ಇಲ್ಲ ಅಂತ ಬ್ಯಾಗ್ ಮುಚ್ಚುತ್ತಾರೆ. ಓದಿದ ಮೈದುನ ಒಬ್ಬ ಇದೆಲ್ಲ ಮೂಢನಂಬಿಕೆ ಅಂತ ನಗುತ್ತಾನೆ. ಎರಡೇ ನಿಮಿಷದಲ್ಲಿ ಅವನನ್ನು ಕಾಣದ ಕೈಯೊಂದು ಎತ್ತಿ ಗೋಡೆಗೆ ಬಡಿಯುತ್ತದೆ. ಕೊನೆಗೆ ಹಸಿರು ಶಾಲು, ನವಿಲುಗರಿಯ ಕಟ್ಟು, ಲೋಬಾನದ ಹೊಗೆಯ ಜೊತೆಗೆ ಒಬ್ಬ ಬಾಬಾ. ಆತ ಸತ್ಯ ಹೇಳಲು ಬಾಯಿ ತೆರೆಯುತ್ತಾನೆ. ಗುಡುಗು. ಎಲ್ಲರ ಮುಖವನ್ನೂ ಒಂದೊಂದಾಗಿ ತೋರಿಸಿ, ಮುಂದಿನದು ನಾಳೆ.

ಮನರಂಜನೆ ಅಂತ ನೋಡಿದರೆ ಒಳ್ಳೆಯ ಮನರಂಜನೆಯೇ. ನನಗೂ ಒಂದೆರಡು ಕಡೆ ಮೈ ಝುಂ ಅಂದದ್ದು ಸುಳ್ಳಲ್ಲ. ಆದರೆ ಊಟ ಮಾಡಿ ಮಸೀದಿಯ ಕೋಣೆಗೆ ಬಂದು ಮಲಗಿದಾಗ ಒಂದೊಂದೇ ತುಂಡು ಬಿಡಿಸಿ ಯೋಚಿಸಿದೆ.

ಮೊದಲು ಆ ಡಾಕ್ಟರ್. ಇಂಥ ಕಥೆಗಳಲ್ಲಿ ಡಾಕ್ಟರನ್ನು ಕರೆಸುವುದೇ ಸೋಲಿಸಲಿಕ್ಕೆ. ಆತನಿಗೆ ಹೆಸರಿಲ್ಲ, ಮನೆಯಿಲ್ಲ, ಮುಂದಿನ ಕಂತಿನಲ್ಲಿ ಕೆಲಸವಿಲ್ಲ. ಎರಡು ಮಾತು ಹೇಳಿ ಹೋಗುವುದಕ್ಕೆ ಬರುತ್ತಾನೆ. ಆತ ಹೋದ ಮೇಲೆ ನೋಡುವವರ ಮನಸ್ಸಿನಲ್ಲಿ ಉಳಿಯುವುದು ಇಷ್ಟೇ: ಆಸ್ಪತ್ರೆಗೆ ಹೋಗಿ ಬಂದಾಯಿತು, ಆ ದಾರಿ ಮುಗಿಯಿತು, ಇನ್ನು ಬಾಬಾ. ಸಿಂದಗಿಯ ಆ ತಾಯಿ ಮಗಳನ್ನು ಒಂದು ಸಲವೂ ಡಾಕ್ಟರಿಗೆ ತೋರಿಸಿರಲಿಲ್ಲ. ಅವರ ಪರವಾಗಿ ಟಿ.ವಿ.ಯ ಡಾಕ್ಟರ್ ಮೊದಲೇ ಕೈಚೆಲ್ಲಿ ಹೋಗಿದ್ದ.

ಎರಡನೆಯದು ಆ ನಗುವ ಮೈದುನ. ಸಂಶಯ ಪಟ್ಟವನಿಗೆ ಏಟು ಬೀಳಲೇಬೇಕು ಅನ್ನುವುದು ಇಂಥ ಕಥೆಗಳ ಕಾನೂನು. ಹತ್ತು ಸಲ ನೋಡಿದ ಹುಡುಗ ಮನೆಯಲ್ಲಿ ಹಾಗೆ ಏನಾದರೂ ಆದಾಗ "ಅಪ್ಪಾ, ಆಸ್ಪತ್ರೆಗೆ ಹೋಗೋಣ" ಅನ್ನಲು ಹೆದರುತ್ತಾನೆ. ಆ ಮನೆಯಲ್ಲಿ ನನ್ನ ವಿದ್ಯಾರ್ಥಿಯೂ ಹೆದರಿದ್ದ. ಆಮೇಲೆ ಅವನೇ ನನ್ನ ಬಳಿ ಹೇಳಿದ.

ಮೂರನೆಯದು, ಜಿನ್ನ್ ಯಾರ ಮೈಮೇಲೆ ಬರುತ್ತದೆ ಎಂಬುದು. ಗಮನಿಸಿ ನೋಡಿ. ಹೀರೋನ ಮೇಲೆ ಬಂದರೆ ಆತ ಇನ್ನಷ್ಟು ಚಂದ ಆಗುತ್ತಾನೆ, ಶಕ್ತಿ ಬರುತ್ತದೆ, ಕಪ್ಪು ಕೋಟು ಹಾಕಿ ನಡೆಯುತ್ತಾನೆ. ಹೆಣ್ಣಿನ ಮೇಲೆ, ಅದರಲ್ಲೂ ಬಡವರ ಮನೆಯಿಂದ ಬಂದ ಸೊಸೆ, ಬಾಣಂತಿ, ಕೆಲಸದಾಕೆ, ಇವರ ಮೇಲೆ ಬಂದರೆ ಕೂದಲು ಕೆದರಿ, ಸೆರಗು ಜಾರಿ, ನೆಲದಲ್ಲಿ ಹೊರಳಾಡಬೇಕು. ಮಾವ ಮಾತ್ರ ಎಷ್ಟೇ ಪಾಪ ಮಾಡಿರಲಿ, ಆತನ ಮೈಮೇಲೆ ಯಾವ ಜಿನ್ನೂ ಬರುವುದಿಲ್ಲ ಮಾರಾಯ್ರೆ!

ನಾಲ್ಕನೆಯದನ್ನು ಹೇಳಲಿಕ್ಕೆ ನನಗೆ ಸ್ವಲ್ಪ ಸಂಕಟ. ಹಿಂದಿ ಧಾರಾವಾಹಿಗಳಲ್ಲಿ ಮುಸ್ಲಿಮನಿಗೆ ಕೆಲಸ ಸಿಗುವುದೇ ಕಡಿಮೆ, ಸಿಕ್ಕಿದರೆ ಈ ನವಿಲುಗರಿಯ ಕೆಲಸ. ದಾಡಿ ಇಟ್ಟವನು ಒಂದೋ ಬಾಂಬು ಇಡಬೇಕು, ಇಲ್ಲ ದೆವ್ವ ಬಿಡಿಸಬೇಕು. ಮದ್ರಸದಲ್ಲಿ ತಜ್ವೀದ್ ಕಲಿಸುವ, ತಿಂಗಳ ಕೊನೆಗೆ ಕಿರಾಣಿ ಅಂಗಡಿಯ ಸಾಲ ತೀರಿಸುವ ಸಾಮಾನ್ಯ ಉಸ್ತಾದ್ ಒಬ್ಬನನ್ನು ನಾನು ಯಾವ ಧಾರಾವಾಹಿಯಲ್ಲೂ ನೋಡಿಲ್ಲ. ಇದರ ಪರಿಣಾಮ ನಮ್ಮ ಮೇಲೂ ಆಗಿದೆ. ಜನ ನಮ್ಮಿಂದ ನಿರೀಕ್ಷೆ ಮಾಡುವುದು ಅದನ್ನೇ. ಅವತ್ತು ರಾತ್ರಿ ಆ ಮನೆಗೆ ಕಾಲಿಟ್ಟಾಗ ಎಲ್ಲರೂ ನನ್ನನ್ನು ನೋಡಿದ ರೀತಿಯಲ್ಲಿ ನಾನು ಉಸ್ತಾದ್ ಆಗಿರಲಿಲ್ಲ, ಕಂತಿನ ಕೊನೆಗೆ ಬರುವ ಬಾಬಾ ಆಗಿದ್ದೆ. ಮತ್ತು ನಾನು ಆ ಪಾತ್ರ ಮಾಡಿಯೂ ಬಿಟ್ಟೆ.

ಇದೆಲ್ಲ ನಿನ್ನೆ ಮೊನ್ನೆ ಶುರುವಾದದ್ದಲ್ಲ. ನಾನು ಚಿಕ್ಕವನಿದ್ದಾಗ ದೂರದರ್ಶನದಲ್ಲಿ ರಮಾನಂದ ಸಾಗರ್ ಅವರ 'ಅಲಿಫ್ ಲೈಲಾ' ಬರುತ್ತಿತ್ತು, 1993ರಲ್ಲಿ ಶುರುವಾದದ್ದು. ನಮ್ಮ ಕೇರಿಯಲ್ಲಿ ಒಂದೇ ಮನೆಯಲ್ಲಿ ಟಿ.ವಿ. ನಾವೆಲ್ಲ ಕಿಟಕಿಯ ಸರಳು ಹಿಡಿದು ನಿಂತು ನೋಡುತ್ತಿದ್ದೆವು. ಅದೇ ಕಾಲದಲ್ಲಿ 'ಝೀ ಹಾರರ್ ಶೋ', ಅದಾದ ಮೇಲೆ 'ಆಹಟ್'. 2015ರಲ್ಲಿ ಹಿಂದಿಯ 'ನಾಗಿನ್' ಬಂದು ಅಲೌಕಿಕ ಕಥೆಯನ್ನು ಮತ್ತೆ ಮನೆಮನೆಗೆ ತಂದಿತು. 2016ರಲ್ಲಿ ಝೀ ಕನ್ನಡದಲ್ಲಿ 'ನಾಗಿಣಿ', 2020ರಲ್ಲಿ ಅದರ ಎರಡನೇ ಭಾಗ. 2019ರಲ್ಲಿ ಶುರುವಾದ 'ಜೊತೆ ಜೊತೆಯಲಿ' ಮೊದಲಿಗೆ ವಯಸ್ಸಿನ ಅಂತರದ ಪ್ರೀತಿಯ ಕಥೆ, ಆಮೇಲೆ ನೋಡಿದರೆ ಅನು ಸಿರಿಮನೆಗೆ ಹಿಂದಿನ ಜನ್ಮ. ಆ ಸಮಯದಲ್ಲಿ ರಜೆಗೆ ಊರಿಗೆ ಬಂದಿದ್ದಾಗ ನಮ್ಮ ಮದ್ರಸದ ಪುಟ್ಟ ಹುಡುಗಿಯೊಬ್ಬಳು "ಉಸ್ತಾದ್, ನಾನು ಹಿಂದಿನ ಜನ್ಮದಲ್ಲಿ ಯಾರಾಗಿದ್ದೆ?" ಅಂತ ಕೇಳಿದಳು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. "ನೀನು ಈ ಜನ್ಮದಲ್ಲಿ ನಿನ್ನೆಯ ಪಾಠ ಕಲಿತಿಲ್ಲ, ಮೊದಲು ಅದನ್ನು ಓದು ಮೋಳೇ" ಅಂದೆ.

ನಮ್ಮವರ ಮನೆಗಳಲ್ಲಿ ಹೆಚ್ಚು ಮಾತಾದದ್ದು ಸ್ಟಾರ್ ಪ್ಲಸ್‌ನ 'ಯೇ ಜಾದೂ ಹೈ ಜಿನ್ನ್ ಕಾ'. 2019ರ ಅಕ್ಟೋಬರ್‌ನಿಂದ 2020ರ ನವೆಂಬರ್‌ವರೆಗೆ ಬಂತು. ಪಾತ್ರಗಳ ಹೆಸರು ಅಮನ್, ರೋಷ್ನಿ. ಮಾತುಮಾತಿಗೆ ಸಲಾಂ, ದುಆ. ಹಾಗಾಗಿ "ನಮ್ಮದೇ ಕಥೆ" ಅಂತ ಜನ ಕೂತರು. ತಂದೆ ಸಂಪತ್ತಿನ ಆಸೆಗೆ ಜಿನ್ನ್ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾನೆ, ಅದರ ಬೆಲೆ ಮಗನ ಮೇಲೆ ಬೀಳುತ್ತದೆ, ಅವನನ್ನು ಉಳಿಸಲು ಫರಿಷ್ತೆಯ ಗುಣವಿರುವ ಹುಡುಗಿ ಬರಬೇಕು. ಮಗುವನ್ನು ಅಡವಿಟ್ಟು ಶ್ರೀಮಂತನಾಗುವ ತಂದೆಯ ಕಥೆ ಎಲ್ಲ ದೇಶಗಳ ಅಜ್ಜಿಕಥೆಗಳಲ್ಲೂ ಇದೆ. ಕೆಟ್ಟ ಕಥೆಯೇನೂ ಅಲ್ಲ, ದುರಾಸೆಗೆ ಮಕ್ಕಳು ತೆರುವ ಬೆಲೆಯನ್ನೇ ಅದು ಹೇಳುವುದು. ಆದರೆ ಸಲಾಂ, ದುಆ ಸೇರಿಸಿದ ಕೂಡಲೇ ನಮ್ಮ ಮಕ್ಕಳಿಗೆ ಅದು ಕಥೆಯಾಗಿ ಉಳಿಯುವುದಿಲ್ಲ, ದೀನ್ ಆಗಿ ಬಿಡುತ್ತದೆ. "ಮಲಕ್‌ಗಳು ಮದುವೆ ಆಗ್ತಾರಾ?" ಅಂತ ಕೇಳುತ್ತಾರೆ. ಇಬ್ರಾಹಿಂ ನೆಬಿಯವರ ಮನೆಗೆ ಅತಿಥಿಗಳಾಗಿ ಬಂದ ಮಲಕ್‌ಗಳು ಮುಂದಿಟ್ಟ ಕರುವಿನ ಮಾಂಸಕ್ಕೆ ಕೈ ಕೂಡ ಚಾಚಲಿಲ್ಲ ಎಂಬುದನ್ನು ಕುರ್‌ಆನ್ ಹೇಳಿದೆ. ಊಟವೇ ಇಲ್ಲದವರಿಗೆ ಮದುವೆ ಎಲ್ಲಿಂದ? ಮಲಕ್‌ಗಳನ್ನು ಹೆಣ್ಣು ಅಂದವರನ್ನು ಕುರ್‌ಆನ್ ಖಂಡಿಸಿಯೂ ಇದೆ.

ಜಿನ್ನ್ ಇದೆಯೋ ಇಲ್ಲವೋ ಅನ್ನುವ ಚರ್ಚೆ ನನ್ನದಲ್ಲ. ಇದೆ, ನಮ್ಮ ನಂಬಿಕೆಯ ಭಾಗ, ಜಿನ್ನ್ ಹೆಸರಿನ ಸೂರಃ ಕೂಡ ಇದೆ. ನನ್ನ ಪ್ರಶ್ನೆ ಬೇರೆ. ಕುರ್‌ಆನಿನ ಜಿನ್ನ್ ಮತ್ತು ಟಿ.ವಿ.ಯ ಜಿನ್ನ್ ಒಂದೇನಾ? ಟಿ.ವಿ.ಯ ಜಿನ್ನಿಗೆ ಎಲ್ಲವೂ ಗೊತ್ತು. ನಿಮ್ಮ ಮನಸ್ಸಿನಲ್ಲಿರುವುದು, ನಾಳೆ ಆಗುವುದು, ಯಾರ ಹೊಟ್ಟೆಯಲ್ಲಿ ಯಾವ ಮಗು, ಎಲ್ಲ. ಸುಲೈಮಾನ್ ನೆಬಿಯವರ ಕಿಸ್ಸ ನೆನಪು ಮಾಡಿಕೊಳ್ಳಿ. ಕೋಲಿಗೆ ಒರಗಿ ನಿಂತಲ್ಲೇ ಅವರು ವಫಾತ್ ಆದರು. ಜಿನ್ನ್‌ಗಳು ಅವರು ಬದುಕಿದ್ದಾರೆ ಅಂತಲೇ ತಿಳಿದು ಕಷ್ಟದ ಕೆಲಸ ಮಾಡುತ್ತಲೇ ಇದ್ದವು. ಕೋಲನ್ನು ಹುಳ ತಿಂದು ಅವರ ದೇಹ ಬಿದ್ದ ಮೇಲೆ ಅವುಗಳಿಗೆ ವಿಷಯ ಗೊತ್ತಾಯಿತು. ಕಣ್ಣ ಮುಂದೆ ನಿಂತವರು ತೀರಿಹೋದದ್ದು ತಿಳಿಯದ ಜಿನ್ನಿಗೆ ನಿಮ್ಮ ಮನೆಯ ಗುಟ್ಟು ತಿಳಿಯುತ್ತದಾ? ಬಿಲ್ಕೀಸ್ ರಾಣಿಯ ಸಿಂಹಾಸನದ ಘಟನೆಯಲ್ಲಿಯೂ ಅಷ್ಟೇ. ಇಫ್ರೀತ್ "ನೀವು ಏಳುವ ಮೊದಲು ತರುತ್ತೇನೆ" ಎಂಬಂತೆ ಜಂಬ ಕೊಚ್ಚಿದ. ಕಿತಾಬಿನ ಇಲ್ಮ್ ಇದ್ದ ವ್ಯಕ್ತಿ ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ತಂದದ್ದಾಯಿತು. ಗೆದ್ದದ್ದು ಇಲ್ಮ್. ಸೀರಿಯಲ್‌ನವರ ಕೈಗೆ ಈ ಘಟನೆ ಸಿಕ್ಕಿದರೆ ಇಫ್ರೀತನೇ ಹೀರೋ!

ಇನ್ನು ಆ ಗುಡುಗು. ಮನೆಯಲ್ಲಿ ಏನಾದರೂ ಕೆಟ್ಟದ್ದು ಆದರೆ ಆಕಾಶವೂ ಅದಕ್ಕೆ ತಾಳ ಹಾಕಬೇಕು. ಕೆಲವು ಕಂತುಗಳಲ್ಲಿ ಗ್ರಹಣವನ್ನೂ ತರುತ್ತಾರೆ. ರಸೂಲರ (ಸ) ಪುಟ್ಟ ಮಗ ಇಬ್ರಾಹಿಂ ತೀರಿಕೊಂಡ ದಿನ ಮದೀನದಲ್ಲಿ ಸೂರ್ಯಗ್ರಹಣ ಆಯಿತು. ಮಗುವಿನ ಸಾವಿಗೇ ಗ್ರಹಣ ಹಿಡಿದದ್ದು ಅಂತ ಜನ ಮಾತಾಡಿಕೊಂಡರು. ಯಾರಿಗಾದರೂ ಅದು ಒಪ್ಪಿಕೊಳ್ಳಲು ಸುಲಭದ ಮಾತು, ದೊಡ್ಡಸ್ತಿಕೆಯ ಮಾತು. ಮಗನನ್ನು ಮಣ್ಣು ಮಾಡಿದ ತಂದೆ ಎದ್ದು ನಿಂತು, ಯಾರ ಸಾವಿಗಾಗಲೀ ಹುಟ್ಟಿಗಾಗಲೀ ಸೂರ್ಯ ಚಂದ್ರರಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ತಿದ್ದಿದರು. ಈ ಹದೀಸನ್ನು ಮಕ್ಕಳಿಗೆ ಕಲಿಸುವಾಗ ನನಗೆ ಪ್ರತೀ ಸಲವೂ ಗಂಟಲು ಕಟ್ಟುತ್ತದೆ.

ಹಾಗಾದರೆ ಹಿಂದಿನವರು ಜಿನ್ನ್, ರಾಕ್ಷಸ, ಹಾವಿನ ಕಥೆ ಹೇಳಲಿಲ್ಲವಾ? ಧಾರಾಳ ಹೇಳಿದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕುಗಳಲ್ಲಿ ಮದ್ರಸದ ಕೆಲಸಕ್ಕೆ ಓಡಾಡಿದ್ದೇನೆ. ಕಥೆ ಹುಟ್ಟುವ ನೆಲ ಅದು. ಆಗಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನರ ಜೊತೆಗಾರರು ಸೇರಿ ಹಳ್ಳಿಯ ಹೆಂಗಸರ ಬಾಯಿಂದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ತಂದರು. ಆ ಹಲಸಂಗಿ ಗೆಳೆಯರಲ್ಲಿ ಧೂಲಾಸಾಹೇಬ ಅನ್ನುವ ನಮ್ಮವರೂ ಒಬ್ಬರಿದ್ದರು. ಇದು ನಮ್ಮ ಕರಾವಳಿಯ ಹುಡುಗರಿಗೆ ಗೊತ್ತಿರಬೇಕಾದ ವಿಷಯ. ಮುದ್ದೇಬಿಹಾಳ ತಾಲೂಕಿನಲ್ಲಿ ರಕ್ಕಸಗಿ ಅಂತಲೇ ಒಂದು ಊರಿದೆ. 1565ರ ಯುದ್ಧಕ್ಕೆ ರಕ್ಕಸಗಿ ತಂಗಡಗಿಯ ಹೆಸರು ಬಂದದ್ದು ಅದರಿಂದ. ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲಿ ಹಾವು ಗಂಡನ ರೂಪದಲ್ಲಿ ಬರುವ ಕಥೆ ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಯಿಂದ ಬಂದದ್ದು. ಈಗಿನ ಧಾರಾವಾಹಿಗಳ ಎಷ್ಟೋ ಹಾವುಗಳು ಅದರ ದೂರದ ಸಂಬಂಧಿಕರು.

ವ್ಯತ್ಯಾಸ ಎಲ್ಲಿದೆ ಅಂದರೆ, ಅಜ್ಜಿಯ ಕಥೆ ಮುಗಿಯುತ್ತಿತ್ತು. ಮುಗಿದ ಮೇಲೆ "ಅವರು ಅಲ್ಲಿ, ನಾವು ಇಲ್ಲಿ" ಅಂತ ಒಂದು ಮಾತು ಹೇಳಿ ಎಬ್ಬಿಸುತ್ತಿದ್ದರು. ಆ ಒಂದು ಮಾತು ಕಥೆಗೂ ಮನೆಗೂ ನಡುವೆ ಬಾಗಿಲು ಹಾಕುತ್ತಿತ್ತು. ರಾಕ್ಷಸ ಏಳು ಸಮುದ್ರದ ಆಚೆ ಉಳಿದ, ನಾವು ಚಾಪೆ ಹಾಸಿ ಮಲಗಿದೆವು. ಹೆದರಿದ ಮಗುವನ್ನು ಅಜ್ಜಿ ಪಕ್ಕಕ್ಕೆ ಎಳೆದುಕೊಂಡರು. ಟಿ.ವಿ.ಗೆ ಈ ಬಾಗಿಲು ಹಾಕುವ ಅಭ್ಯಾಸವೇ ಇಲ್ಲ. ಹಾಕಿದರೆ ನಾಳೆ ಯಾರು ನೋಡುತ್ತಾರೆ? ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ ನಾಳೆಗೆ ಕಾಯಿಸುವುದನ್ನು ಶಹರಜಾದ್ ಕೂಡ ಮಾಡಿದಳು. ಅವಳು ಮಾಡಿದ್ದು ಬೆಳಗಾದರೆ ಕೊಲ್ಲುವ ರಾಜನಿಂದ ಜೀವ ಉಳಿಸಿಕೊಳ್ಳಲಿಕ್ಕೆ. ಇವರು ಮಾಡುವುದು ಜಾಹೀರಾತಿಗೆ. ಅಂದ ಹಾಗೆ, ನಾವು ಅರಬ್ಬಿ ಕಥೆ ಅಂತ ತಿಳಿದಿರುವ ಅಲಾವುದ್ದೀನನ ದೀಪ ಹಳೆಯ ಅರಬ್ಬಿ ಪ್ರತಿಗಳಲ್ಲಿ ಇರಲೇ ಇಲ್ಲ. ಹದಿನೆಂಟನೇ ಶತಮಾನದ ಆರಂಭದಲ್ಲಿ ಅಲೆಪ್ಪೋದ ಹನ್ನಾ ದಿಯಾಬ್ ಹೇಳಿದ್ದನ್ನು ಕೇಳಿ ಫ್ರೆಂಚ್ ಅನುವಾದಕ ಗಾಲಾಂ ಸೇರಿಸಿದ್ದು. ಕಥೆಯಲ್ಲಿ ಅಲಾವುದ್ದೀನ್ ಚೀನಾದವನು! ಕಥೆಗಾರರು ಯಾವತ್ತೂ ಹೀಗೆಯೇ, ಅಲ್ಲಿಂದ ಇಲ್ಲಿಂದ ತಂದು ಜೋಡಿಸುತ್ತಾರೆ. ಕಥೆಯನ್ನು ಕಥೆ ಅಂತ ತಿಳಿದಿದ್ದರೆ ತೊಂದರೆ ಏನಿಲ್ಲ.

ಇಂಡಿಯಲ್ಲಿ ಒಂದು ತಮಾಷೆ ನಡೆಯಿತು. ಅಲ್ಲಿ ಲಿಂಬೆಯೇ ಜೀವನ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದು ಇಂಡಿಯಲ್ಲೇ, ಇಂಡಿ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಒಬ್ಬ ರೈತರು ತಮ್ಮ ತೋಟ ತೋರಿಸುತ್ತಾ ಹೇಳಿದರು: "ಟಿವಿಯಾಗ ನಿಂಬಿಹಣ್ಣ ಕೊಯ್ದರ ರಕ್ತ ಬರ್ತೈತ್ರಿ. ನಾ ಹುಟ್ಟಿದಾಗಿಂದ ಕೊಯ್ಯಾಕತ್ತೀನಿ, ಒಂದ ಹನಿ ಬಂದಿಲ್ಲ. ಬಂದಿದ್ದರ ಬ್ಲಡ್ ಬ್ಯಾಂಕ್ ಇಡ್ತಿದ್ದೆ!" ಆ ಕೆಂಪಿನ ಗುಟ್ಟು ಹೈಸ್ಕೂಲ್ ಲ್ಯಾಬಿನಲ್ಲಿದೆ. ಚಾಕುವಿಗೆ ಮೀಥೈಲ್ ಆರೆಂಜ್ ಸವರಿದರೆ ಲಿಂಬೆಯ ಹುಳಿ ತಾಗಿ ಕೆಂಪಾಗುತ್ತದೆ. ನಾನು ಇದನ್ನು ಮದ್ರಸದ ಮಕ್ಕಳಿಗೆ ಮಾಡಿ ತೋರಿಸಿದ್ದೇನೆ, ಶಾಲೆಯ ವಿಜ್ಞಾನದ ಮೇಷ್ಟ್ರಿಂದ ದ್ರಾವಣ ಕೇಳಿ ತಂದು. ಒಬ್ಬ ಹುಡುಗ "ಹಂಗಾದ್ರ ನಮ್ಮಜ್ಜಿಗಿ ಆ ಬಾಬಾ ಮೋಸ ಮಾಡ್ಯಾನ?" ಅಂದ. ನಾನು ಉತ್ತರ ಹೇಳಲಿಲ್ಲ. ಅವನಿಗೇ ಗೊತ್ತಾಗಿತ್ತು.

ಬಸವನ ಬಾಗೇವಾಡಿಯಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದ ಲಿಂಗಾಯತ ಯಜಮಾನರು ಒಬ್ಬರು ಬೇರೆಯದೇ ಹೇಳಿದರು. "ನೋಡ್ರಿ ಹಜರತ್, ಬಸವಣ್ಣ ಹುಟ್ಟಿದ ಊರಾಗ ಕುಂತು ನಾವು ನಿಂಬಿಹಣ್ಣಿಗಿ ಹೆದರಾಕತ್ತೀವಿ. ಹಾವ ಕಡದ್ರ ಮೊದಲ ಗುಡಿಗಿ ಒಯ್ತಾರ, ಆಮ್ಯಾಲ ನಮ್ಮಲ್ಲಿ ಬಂದು ಗುಳಿಗಿ ಕೊಡ್ರಿ ಅಂತಾರ." ಕಬ್ಬು, ತೊಗರಿ ಹೊಲಗಳ ಊರಿನಲ್ಲಿ ಇದು ತಮಾಷೆಯಲ್ಲ. ಹಾವು ಸೇಡು ಇಟ್ಟುಕೊಂಡು ಹನ್ನೆರಡು ವರ್ಷ ಹುಡುಕಿಕೊಂಡು ಬರುವುದಿಲ್ಲ. ಪುಂಗಿಯ ನಾದಕ್ಕೆ ಕುಣಿಯುವುದೂ ಇಲ್ಲ, ಅದು ನೋಡುವುದು ಪುಂಗಿಯ ಅಲುಗಾಟವನ್ನು. ವಿಷಕ್ಕೆ ಮದ್ದು ಆಸ್ಪತ್ರೆಯ ಇಂಜೆಕ್ಷನ್. ಹಾವು, ನಾಯಿ, ಚೇಳು ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದು, ದೆವ್ವ ಬಿಡಿಸುತ್ತೇನೆ ಅಂತ ಕಟ್ಟಿ ಹೊಡೆಯುವುದು ಕರ್ನಾಟಕದಲ್ಲಿ ಈಗ ಅಪರಾಧ. 2017ರಲ್ಲಿ ಆದ ಆ ಕಾನೂನು ಜಾರಿಗೆ ಬಂದದ್ದು ನಾನು ಹೇಳಿದ ಅದೇ 2020ರ ಜನವರಿಯಲ್ಲಿ. ಟಿ.ವಿ.ಗೂ ನಿಯಮ ಇದೆ. 1994ರ ಕೇಬಲ್ ನಿಯಮಗಳ ಪ್ರಕಾರ ಮೂಢನಂಬಿಕೆಗೆ ಪ್ರೋತ್ಸಾಹ ಕೊಡುವ ಕಾರ್ಯಕ್ರಮ ತೋರಿಸುವಂತಿಲ್ಲ. ಅದಕ್ಕಾಗಿಯೇ ಶುರುವಿನಲ್ಲಿ ಎರಡು ಸೆಕೆಂಡು ಸಣ್ಣ ಅಕ್ಷರದಲ್ಲಿ ಇದು ಕಾಲ್ಪನಿಕ ಅಂತ ಬರುತ್ತದೆ. ನಮ್ಮ ಉಮ್ಮಂದಿರು ಕನ್ನಡಕ ಹುಡುಕುವಷ್ಟರಲ್ಲಿ ಅದು ಹೋಗಿರುತ್ತದೆ.

ಈಗ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ.

ನೂಲು ಕಟ್ಟಿ ಮೂರು ವಾರ ಆಗಿತ್ತು. ನಡುವೆ ಎರಡು ಸಲ ಮತ್ತೆ ಹಾಗೆಯೇ ಆಯಿತಂತೆ, ನನಗೆ ಹೇಳಿರಲಿಲ್ಲ. ನೂಲಿನ ಮೇಲೆ ಭರವಸೆ ಇಟ್ಟು ಸುಮ್ಮನಿದ್ದರು. ನಾಲ್ಕನೇ ಸಲ ಬಂದಾಗ ಆಕೆ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದಳು. ಹೆಂಚಿನ ಮೇಲೆ ಕೈ ಬಿತ್ತು. ಮೊಣಕೈವರೆಗೆ ಸುಟ್ಟಿತು. ಊರಿನ ಆಶಾ ಕಾರ್ಯಕರ್ತೆ ಜಗಳ ಮಾಡಿ ವಿಜಯಪುರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರ್ ತಲೆಗೆ ವೈರು ಹಚ್ಚಿ ಪರೀಕ್ಷೆ ಮಾಡಿ ಫಿಟ್ಸ್ ಅಂದರು. ಅಪಸ್ಮಾರ, ನಾವು ಮೂರ್ಛೆರೋಗ ಅನ್ನುವುದು. ದಿನಕ್ಕೆ ಎರಡು ಸಲ ಮಾತ್ರೆ. ತಪ್ಪಿಸಬೇಡಿ ಅಂತ ಹೇಳಿ ಕಳಿಸಿದರು. ಟಿ.ವಿ.ಯ ಡಾಕ್ಟರ್ ಹಾಗೆ ಯಾರೂ ಬ್ಯಾಗ್ ಮುಚ್ಚಲಿಲ್ಲ.

ತಂದೆ ಮಸೀದಿಗೆ ಬಂದು ಎಲ್ಲ ಹೇಳಿದರು. ಕೊನೆಗೆ "ಹಜರತ್, ಅವತ್ತ ನೀವಾದ್ರೂ ಒಂದ ಮಾತ ಹೇಳಿದ್ರ..." ಅಂದು ಅಷ್ಟಕ್ಕೇ ನಿಲ್ಲಿಸಿದರು. ಬೈದಿದ್ದರೆ ಒಳ್ಳೆಯದಿತ್ತು.

ನನಗೆ ಗೊತ್ತಿಲ್ಲದ್ದೇನಾ? ಬುಖಾರಿಯಲ್ಲಿ ನಾನೇ ಓದಿದ ಹದೀಸ್ ಇದೆ. ಮೂರ್ಛೆ ಬರುವ ಒಬ್ಬ ಹೆಂಗಸು ರಸೂಲರ (ಸ) ಬಳಿ ಬಂದು ದುಆ ಮಾಡಲು ಕೇಳಿದರು. ನಿನ್ನ ಮೈಮೇಲೆ ಯಾರಿದ್ದಾರೆ ಅಂತ ಅವರು ವಿಚಾರಣೆ ಮಾಡಲಿಲ್ಲ, ಆಕೆಯನ್ನು ಹೊಡೆಯಲು ಯಾರಿಗೂ ಹೇಳಲಿಲ್ಲ. ಸಹಿಸಿದರೆ ಸ್ವರ್ಗ ಇದೆ, ಬೇಕಾದರೆ ಗುಣವಾಗಲು ದುಆ ಮಾಡುತ್ತೇನೆ ಎಂದು ಆಕೆಗೇ ಬಿಟ್ಟರು. ಆಕೆ ಸಹಿಸುತ್ತೇನೆ ಅಂದರು, ಆದರೆ ಬಿದ್ದಾಗ ಮೈಮೇಲಿನ ಬಟ್ಟೆ ಸರಿಯದಂತೆ ದುಆ ಮಾಡಿ ಅಂತ ಕೇಳಿದರು. ಆಕೆಗೆ ರೋಗಕ್ಕಿಂತ ದೊಡ್ಡ ಸಂಕಟ ಜನರ ಎದುರು ಮಾನ ಹೋಗುವುದು. ರಸೂಲರು ಅದಕ್ಕೆ ದುಆ ಮಾಡಿದರು. ಈಗ ಆ ಸೀರಿಯಲ್‌ನ ಸೊಸೆಯನ್ನು ನೆನಪು ಮಾಡಿಕೊಳ್ಳಿ. ಕೂದಲು, ಸೆರಗು, ಸುತ್ತ ನಿಂತು ನೋಡುವ ಇಡೀ ಮನೆ. ಸಿಂದಗಿಯಲ್ಲಿ ಆ ರಾತ್ರಿ ನೆರೆಹೊರೆಯವರೆಲ್ಲ ಬಾಗಿಲಲ್ಲಿ ನಿಂತು ಇಣುಕುತ್ತಿದ್ದರು. ಒಬ್ಬ ಹುಡುಗ ಮೊಬೈಲ್ ಕೂಡ ಹಿಡಿದಿದ್ದ. ಅದನ್ನೂ ನಾನು ತಡೆಯಲಿಲ್ಲ. ರೋಗಕ್ಕೆ ಮದ್ದು ಮಾಡಿಸಿ ಅಂತ ರಸೂಲರ ಸ್ಪಷ್ಟ ಆದೇಶವೇ ಇದೆ. ಇದೇ ರೋಗವನ್ನು ಮೆದುಳಿನ ಕಾಯಿಲೆ ಅಂತ ನಮ್ಮ ಇಬ್ನು ಸೀನಾ ಸಾವಿರ ವರ್ಷದ ಹಿಂದೆ ಬರೆದಿದ್ದಾರೆ. ಇಷ್ಟೆಲ್ಲ ಇಟ್ಟುಕೊಂಡು ನಾನು ನೂಲು ಕಟ್ಟಿ ಬಂದೆ.

ನನ್ನ ಕೈಯಲ್ಲಿ ಒಂದು ಕೈ ಸುಟ್ಟಿತು. ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಆದದ್ದು ಏನು ಅಂತ ಹಿರಿಯರಿಗೆ ನೆನಪಿರಬಹುದು. ತಮಿಳುನಾಡಿನ ಆ ದರ್ಗಾದ ಹತ್ತಿರ ಖಾಸಗಿಯವರು ನಡೆಸುತ್ತಿದ್ದ ಆಶ್ರಯದಲ್ಲಿ ಮಾನಸಿಕ ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು. ಬೆಂಕಿ ಬಿದ್ದಾಗ ಓಡಲು ಆಗದೆ 25ಕ್ಕೂ ಹೆಚ್ಚು ಜನ ಸುಟ್ಟು ತೀರಿಹೋದರು. ಸುಪ್ರೀಂ ಕೋರ್ಟ್ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು. ಝಿಯಾರತ್‌ಗೆ ಹೋಗುವುದು ಬೇರೆ, ಮಗನನ್ನು ಅಲ್ಲಿ ಕಟ್ಟಿ ಬರುವುದು ಬೇರೆ. ಆ ಕಟ್ಟಿದವರೂ ಶತ್ರುಗಳಲ್ಲ, ತಂದೆ ತಾಯಿಗಳೇ.

ಈಗ ನನ್ನ ಬಳಿ ಯಾರಾದರೂ ನೂಲಿಗೆ, ಓದಿದ ನೀರಿಗೆ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ "ಡಾಕ್ಟರ್ ಚೀಟಿ ಎಲ್ಲಿದೆ?" ಚೀಟಿ ತೋರಿಸಿದರೆ ಓದಿ ಊದುತ್ತೇನೆ, ಖುಷಿಯಿಂದಲೇ. ಇಲ್ಲವಾದರೆ ಮೊದಲು ಆಸ್ಪತ್ರೆ. 14416ಕ್ಕೆ ಫೋನ್ ಮಾಡಿದರೆ ಸರಕಾರದ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆ ನಂಬರನ್ನು ಮದ್ರಸದ ಬೋರ್ಡಿನಲ್ಲಿ ಬರೆದಿಟ್ಟಿದ್ದೇನೆ. ನನ್ನ ಜೊತೆಯ ಒಬ್ಬ ಉಸ್ತಾದ್ "ಹೀಗಾದರೆ ಜನ ನಮ್ಮ ಬಳಿ ಬರುವುದು ಕಡಿಮೆ ಆಗ್ತದೆ" ಅಂದರು. ಕಡಿಮೆ ಆಗಿದೆ, ಹೌದು.

ನಮ್ಮ ಬ್ಯಾರಿ ಮನೆಗಳ ಉಮ್ಮಂದಿರ ಬಳಿ ನನ್ನದೊಂದು ವಿನಂತಿ. ಟಿ.ವಿ. ಒಡೆದು ಹಾಕಿ ಅಂತ ನಾನು ಹೇಳುವುದಿಲ್ಲ. ಹೇಳಿದರೆ ಮೊಬೈಲಿನಲ್ಲಿ ನೋಡುತ್ತಾರೆ. ಮಕ್ಕಳ ಜೊತೆ ಕೂತು ನೋಡಿ. "ಈಗ ದಾರ ಕಡಿಯುತ್ತದೆ ನೋಡು, ಈಗ ಲೈಟ್ ಹೋಗುತ್ತದೆ ನೋಡು" ಅಂತ ಮೊದಲೇ ಹೇಳಿ. ನಾಲ್ಕು ದಿನ ಹೀಗೆ ಮಾಡಿದರೆ ಐದನೇ ದಿನ ಮಕ್ಕಳೇ ಹೇಳುತ್ತಾರೆ. ಮುಂದೇನಾಗುತ್ತದೆ ಅಂತ ಗೊತ್ತಿರುವ ಜಿನ್ನಿಗೆ ಯಾರು ಹೆದರುತ್ತಾರೆ?

ಕಳೆದ ವರ್ಷ ಒಂದು ನಿಕಾಹ್‌ಗೆ ಸಿಂದಗಿಗೆ ಹೋಗಿದ್ದೆ. ಆ ಮನೆಯವರು ಬಿಡಲಿಲ್ಲ, ಚಾಗೆ ಕರೆದರು. ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೆ ಓದುತ್ತಿದ್ದಾಳೆ. ಮಾತ್ರೆ ಬಿಟ್ಟಿಲ್ಲ. ಫಿಟ್ಸ್ ಬಂದು ವರ್ಷಗಳಾದವು ಅಂತ ತಂದೆ ಹೇಳಿದರು. ಒಳಗಿನ ಕೋಣೆಯಲ್ಲಿ ಟಿ.ವಿ. ಓಡುತ್ತಿತ್ತು, ಯಾವುದೋ ಹೊಸ ಧಾರಾವಾಹಿ, ಅದೇ ಗಾಳಿ, ಅದೇ ಕಿಟಕಿ. ಹುಡುಗಿ ತಾಯಿಯ ಜೊತೆ ಉಪ್ಪಿನಕಾಯಿಗೆ ಲಿಂಬೆ ಹೆಚ್ಚುತ್ತಾ ಕೂತಿದ್ದಳು. ನನಗೆ ಕೇಳಿಸಲಿ ಅಂತಲೇ ಇರಬೇಕು, ಜೋರಾಗಿ ಹೇಳಿದಳು: "ಅಮ್ಮೀ, ನೋಡ್, ಈಗ ಡಾಕ್ಟರ್ ಬರ್ತಾನ. ಬಂದು ಎಲ್ಲಾ ನಾರ್ಮಲ್ ಅಂತಾನ."

ಡಾಕ್ಟರ್ ಬಂದ. ಬ್ಯಾಗ್ ಮುಚ್ಚಿದ. ಒಳಗೆ ತಾಯಿ ಮಗಳು ಇಬ್ಬರೂ ನಕ್ಕದ್ದು ಪಡಸಾಲೆಗೆ ಕೇಳಿಸಿತು.